ನಕ್ಷೆ ಪ್ರಶ್ನೋತ್ತರ: ನಿಮ್ಮ ಕೆರೆ ಯಾವ ಸಮುದ್ರಕ್ಕೆ ಹೋಯಿತು?

ಮಳೆಗಾಲ ಹತ್ತಿರವಾದಂತೆ ಬೆಂಗಳೂರಿಗೆ ತನ್ನ ಕೆರೆಗಳೂ ರಾಜಕಾಲುವೆಗಳೂ ನೆನಪಾಗುತ್ತವೆ. ಈ ಸಲದ ಅಂಚೆಯಲ್ಲಿ ಕೆರೆಯ ಪತ್ರಗಳದ್ದೇ ಮೇಲುಗೈ. ಉಳಿದವು ನಿವೇಶನ, ವಾರ್ಡು, ರಸ್ತೆಯ ಹೆಸರು, ಜೊತೆಗೆ ಒಂದು ಲಗ್ನಪತ್ರಿಕೆ.

ಮೊದಲ ಬಾರಿಗೆ ಈ ಪುಟ ತೆರೆದವರಿಗೆ ಎರಡು ಮಾತು. ಕ್ಯೂಜಿಐಎಸ್ ಎಂಬುದು ನಕ್ಷೆ ಬರೆಯುವ, ಅಳೆಯುವ ಮುಕ್ತ ತಂತ್ರಾಂಶ. 2002ರಲ್ಲಿ ಗ್ಯಾರಿ ಶರ್ಮನ್ ಆರಂಭಿಸಿದ ಇದನ್ನು ಇಂದು ಹಲವು ದೇಶಗಳ ಜನ ಸೇರಿ ಬೆಳೆಸುತ್ತಿದ್ದಾರೆ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಹುಟ್ಟುಹಾಕಿದ, ಯಾರು ಬೇಕಾದರೂ ತಿದ್ದಬಹುದಾದ ಲೋಕದ ನಕ್ಷೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ದೂರು ಹೇಳಿಕೊಳ್ಳಲು ಕೌಂಟರೂ ಇಲ್ಲ. ಆದ್ದರಿಂದಲೇ ನನಗೆ ಇಷ್ಟು ಪತ್ರಗಳು.

ಪತ್ರ ಬರೆಯುವವರಲ್ಲಿ ಹಳೆಯ ಕೋರಿಕೆಯೇ. "ನಕ್ಷೆ ಸರಿಯಾಗಿ ಬರುತ್ತಿಲ್ಲ" ಎಂದಷ್ಟೇ ಬರೆದರೆ ನನಗೆ ಏನೂ ತಿಳಿಯುವುದಿಲ್ಲ. ಎಲ್ಲಿಗೆ ಹೋಗಿ ಕೂತಿದೆ, ಪರದೆಯ ಕೆಳಗೆ ಬಲಮೂಲೆಯಲ್ಲಿ ಇಪಿಎಸ್‌ಜಿ ಎಂದಿರುವ ಕಡೆ ಯಾವ ಸಂಖ್ಯೆ ಇದೆ (ನಕ್ಷೆಯ ಸ್ಥಾನಗಳನ್ನು ಯಾವ ಅಳತೆ ಪದ್ಧತಿಯಲ್ಲಿ ಲೆಕ್ಕ ಹಾಕಿದೆ ಎಂದು ಅದು ಹೇಳುತ್ತದೆ), ತಂತ್ರಾಂಶದ ಆವೃತ್ತಿ ಯಾವುದು, ಇಷ್ಟನ್ನು ಬರೆಯಿರಿ. ಕಳೆದುಹೋದ ಕೆರೆ ಯಾವ ಸಮುದ್ರದಲ್ಲಿ ಸಿಕ್ಕಿತು ಎಂದು ಗೊತ್ತಾದರೆ, ಯಾಕೆ ಹೋಯಿತು ಎಂಬುದನ್ನು ಕೂತಲ್ಲೇ ಹೇಳಬಹುದು.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳೊಂದಿಗೆ ಹೊಸಕೋಟೆಯಿಂದ ಕೋಲಾರದವರೆಗಿನ ಕೆರೆಗಳ ನಕ್ಷೆ ಮಾಡುತ್ತಿದ್ದೇವೆ. ಹೊಸಕೋಟೆಯ ಫೈಲು 32643 ಎಂದೂ ಕೋಲಾರದ್ದು 32644 ಎಂದೂ ತೋರಿಸುತ್ತಿದ್ದವು. ಎರಡೂ ಒಂದೇ ಇರಲಿ ಎಂದು ಕೋಲಾರದ ಸಂಖ್ಯೆಯನ್ನು 32643ಕ್ಕೆ ಬದಲಾಯಿಸಿದೆ. ಕೋಲಾರಮ್ಮನ ಕೆರೆ ಈಗ ಅರಬ್ಬೀ ಸಮುದ್ರದಲ್ಲಿದೆ. ಮಕ್ಕಳು ನಗುತ್ತಿದ್ದಾರೆ. ಕ್ಯೂಜಿಐಎಸ್ 3.40, ವಿಂಡೋಸ್ 11.
– ಶಿಕ್ಷಕರು, ಕೃಷ್ಣರಾಜಪುರ

ಉತ್ತರ: ನಗಲಿ ಬಿಡಿ ಮೇಷ್ಟ್ರೇ, ಭೂಗೋಳದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗುವುದಿಲ್ಲ. ನಿಮ್ಮ ಪತ್ರದಲ್ಲಿ ಬೇಕಾದ ವಿವರವೆಲ್ಲ ಇದೆ, ಹಾಗಾಗಿ ಪೂರ್ತಿ ಉತ್ತರ ಕೊಡುತ್ತೇನೆ.

ಯುಟಿಎಂ ಪದ್ಧತಿ ಭೂಮಿಯನ್ನು ಉದ್ದುದ್ದಕ್ಕೆ 60 ಪಟ್ಟಿಗಳಾಗಿ ಸೀಳುತ್ತದೆ. ಒಂದೊಂದರ ಅಗಲ 6 ಡಿಗ್ರಿ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗಿನದು 43ನೇ ಪಟ್ಟಿ, 78ರಿಂದ 84ರವರೆಗಿನದು 44ನೆಯದು. ನಿಮ್ಮ ಸಂಖ್ಯೆಗಳ ಕೊನೆಯ ಎರಡಂಕಿ ಅದೇ. ಬೆಂಗಳೂರು ಸುಮಾರು 77.6 ಡಿಗ್ರಿಯಲ್ಲಿದೆ, ಹೊಸಕೋಟೆ 77.8ರಲ್ಲಿ, ಕೋಲಾರ 78.1ರಲ್ಲಿ. ಅಂದರೆ ಹಳೆ ಮದ್ರಾಸು ರಸ್ತೆಯಲ್ಲಿ ಹೊಸಕೋಟೆ ಬಿಟ್ಟು ಕೋಲಾರ ಸೇರುವ ಮೊದಲು ಒಂದು ಪಟ್ಟಿ ಮುಗಿದು ಇನ್ನೊಂದು ಶುರುವಾಗುತ್ತದೆ. ಬಸ್ಸಿನಲ್ಲಿ ಕೂತವರಿಗೆ ಗೊತ್ತಾಗದ ಈ ಗಡಿ ನಿಮ್ಮ ಫೈಲುಗಳಿಗೆ ಗೊತ್ತಿದೆ.

ಪ್ರತಿ ಪಟ್ಟಿಯ ನಟ್ಟನಡುವಿನ ಗೆರೆಗೆ 5,00,000 ಮೀಟರ್ ಎಂಬ ಬೆಲೆ ಕೊಟ್ಟು, ಪೂರ್ವಕ್ಕೆ ಹೋದಂತೆ ಕೂಡುತ್ತಾರೆ, ಪಶ್ಚಿಮಕ್ಕೆ ಹೋದಂತೆ ಕಳೆಯುತ್ತಾರೆ. 43ರ ನಡುಗೆರೆ 75 ಡಿಗ್ರಿಯಲ್ಲಿದೆ. ಹೊಸಕೋಟೆ ಅದರ ಪೂರ್ವಕ್ಕಿರುವುದರಿಂದ ಅದರ ಸಂಖ್ಯೆ 8 ಲಕ್ಷದ ಆಸುಪಾಸು. 44ರ ನಡುಗೆರೆ 81ರಲ್ಲಿದೆ. ಕೋಲಾರ ಅದರ ಪಶ್ಚಿಮಕ್ಕಿದ್ದು ಅದರ ಸಂಖ್ಯೆ 1,88,000ದ ಆಸುಪಾಸು. ನೀವು ಹಣೆಪಟ್ಟಿಯನ್ನಷ್ಟೇ ಬದಲಾಯಿಸಿದಿರಿ, ಸಂಖ್ಯೆಗಳು ಇದ್ದ ಹಾಗೆಯೇ ಉಳಿದವು. ತಂತ್ರಾಂಶ ನಿಮ್ಮ ಮಾತನ್ನು ನಂಬಿ ಆ 1,88,000ವನ್ನು 75ರ ಗೆರೆಯಿಂದ ಎಣಿಸಿತು. ಕೆರೆ 6 ಡಿಗ್ರಿ, ನಮ್ಮ ಅಕ್ಷಾಂಶದಲ್ಲಿ ಸುಮಾರು 650 ಕಿಲೋಮೀಟರ್, ಪಶ್ಚಿಮಕ್ಕೆ ಸರಿದು ಮಂಗಳೂರನ್ನೂ ದಾಟಿ ಕಡಲಿಗೆ ಬಿತ್ತು. ಪಹಣಿಯಲ್ಲಿ ಎಕರೆ ಎಂದಿರುವುದನ್ನು ಹೊಡೆದು ಹೆಕ್ಟೇರ್ ಎಂದು ಬರೆದ ಮಾತ್ರಕ್ಕೆ ಜಮೀನು ಬೆಳೆಯುತ್ತದೆಯೇ? ಇಲ್ಲೂ ಹಾಗೆಯೇ.

ಈಗ ಮಾಡಬೇಕಾದದ್ದು: 'ಸೆಟ್ ಲೇಯರ್ ಸಿಆರ್‌ಎಸ್' ಮೂಲಕ ಕೋಲಾರದ ಪದರಕ್ಕೆ, ಅಂದರೆ ತಂತ್ರಾಂಶದಲ್ಲಿ ತೆರೆದ ಆ ಫೈಲಿಗೆ, ಅದರ ಹಳೆಯ 32644 ಅನ್ನೇ ಮರಳಿ ಕೊಡಿ. ಸಿಆರ್‌ಎಸ್ ಎಂದರೆ ಆ ಅಳತೆ ಪದ್ಧತಿಯೇ. ಕೆರೆ ಊರಿಗೆ ವಾಪಸಾಗುತ್ತದೆ. ಆಮೇಲೆ ಪ್ರೊಸೆಸಿಂಗ್ ಪೆಟ್ಟಿಗೆಯಲ್ಲಿರುವ 'ರೀಪ್ರೊಜೆಕ್ಟ್ ಲೇಯರ್' ಬಳಸಿ 32643ರಲ್ಲಿ ಹೊಸ ಫೈಲು ಮಾಡಿಕೊಳ್ಳಿ. ಮೊದಲನೆಯದು ಹೆಸರು ಹೇಳುವ ಕೆಲಸ, ಎರಡನೆಯದು ಲೆಕ್ಕ ಮಾಡುವ ಕೆಲಸ. ಕೋಲಾರವನ್ನು ಪಕ್ಕದ ಪಟ್ಟಿಯ ಲೆಕ್ಕಕ್ಕೆ ಎಳೆದರೆ ಕಿಲೋಮೀಟರಿಗೆ ಸುಮಾರು ಒಂದು ಮೀಟರ್ ವ್ಯತ್ಯಾಸ ಬರುತ್ತದೆ. ಶಾಲೆಯ ನಕ್ಷೆಗೆ ಅದು ಲೆಕ್ಕಕ್ಕಿಲ್ಲ.

ಮಕ್ಕಳಿಗೆ ಉಳಿದ ವಿಳಾಸಗಳನ್ನೂ ಹೇಳಿಕೊಡಿ. ಹೊಸಕೋಟೆಯ ಕೆರೆ ಬಂಗಾಳ ಕೊಲ್ಲಿಯಲ್ಲಿ ತೇಲಿದರೆ ಇದೇ ತಪ್ಪು, ದಿಕ್ಕು ಮಾತ್ರ ತಿರುವುಮುರುವು. ಬೆಂಗಳೂರು ಉತ್ತರ ಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಬದಿಯ ಸಮುದ್ರದಲ್ಲಿ ಕಾಣಿಸಿದರೆ ಅಕ್ಷಾಂಶದ ಕಾಲಂನಲ್ಲಿ ರೇಖಾಂಶವನ್ನೂ ರೇಖಾಂಶದ್ದರಲ್ಲಿ ಅಕ್ಷಾಂಶವನ್ನೂ ತುಂಬಿದ್ದೀರಿ. ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ ಎಲ್ಲವೂ ಒಂದೇ ಚುಕ್ಕೆಯಾಗಿ ಗುಡ್ಡೆಬಿದ್ದಿದ್ದರೆ, ಒಂದೋ ಸಂಖ್ಯೆಗಳ ಜಾಗದಲ್ಲಿ ಸೊನ್ನೆಗಳಿವೆ, ಇಲ್ಲವೇ ಡಿಗ್ರಿಗಳನ್ನು ಮೀಟರ್ ಎಂದು ಓದಿಸಿದ್ದೀರಿ.

ಪ್ರಶ್ನೆ: ಮಗಳ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಛತ್ರದ ದಾರಿ ತೋರಿಸಲು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಅಚ್ಚು ಹಾಕಿಸಬಹುದೇ? ಯಾರ ಅನುಮತಿ ಬೇಕು?
– ಗೃಹಿಣಿ, ಹನುಮಂತನಗರ

ಉತ್ತರ: ಧಾರಾಳವಾಗಿ ಹಾಕಿಸಿ. ಯಾರ ಅನುಮತಿಯೂ ಬೇಡ, ಹಣವೂ ಬೇಡ. ನಕ್ಷೆಯ ಅಂಚಿನಲ್ಲಿ "ನಕ್ಷೆ: ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು, openstreetmap.org/copyright" ಎಂದು ಓದಲು ಬರುವ ಅಕ್ಷರದಲ್ಲಿ ಹಾಕಿಸಬೇಕು, ಪರವಾನಗಿ ಕೇಳುವುದು ಅಷ್ಟನ್ನೇ. ಮುದ್ರಣಾಲಯದವರು ಅಂದ ಕೆಡುತ್ತದೆ ಎಂದು ಅದನ್ನು ಅಳಿಸಿಬಿಡುತ್ತಾರೆ, ಪ್ರೂಫ್ ನೋಡುವಾಗ ಗಮನವಿರಲಿ. ಛತ್ರದ ಗೇಟು ಯಾವ ಅಡ್ಡರಸ್ತೆಯ ಕಡೆಗಿದೆ ಎಂದು ಖುದ್ದಾಗಿ ನೋಡಿಕೊಂಡು ಬನ್ನಿ. ನಕ್ಷೆಯಲ್ಲಿ ಅದು ತಪ್ಪಿದ್ದರೆ ತಿದ್ದುವ ಅಧಿಕಾರ ನಿಮಗೇ ಇದೆ.

ಪ್ರಶ್ನೆ: ನನ್ನ ನಿವೇಶನ 40×60, ಅಂದರೆ 2,400 ಚದರಡಿ. ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದು ಕ್ಯೂಜಿಐಎಸ್‌ನ ಅಳತೆಪಟ್ಟಿಯಿಂದ ಅಳೆದರೆ 2,400ರ ಹತ್ತಿರವೇ ಬರುತ್ತದೆ. ಅದೇ ಆಕಾರವನ್ನು ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿ ಚದರಡಿಗೆ ಪರಿವರ್ತಿಸಿದರೆ 2,540 ಎನ್ನುತ್ತದೆ. ನಮ್ಮ ಮನೆಯವರು ಎರಡನೆಯದೇ ಸರಿ ಎನ್ನುತ್ತಾರೆ. ಪದರದ ಸಂಖ್ಯೆ 3857.
– ನಿವೃತ್ತ ಬ್ಯಾಂಕ್ ನೌಕರರು, ನಾಗರಬಾವಿ

ಉತ್ತರ: ಆ ಹೆಚ್ಚುವರಿ 140 ಚದರಡಿಗೆ ಖಾತೆ ಮಾಡಿಸಲು ಓಡಬೇಡಿ ಎಂದು ಮನೆಯವರಿಗೆ ತಿಳಿಸಿ.

ಅಪರಾಧಿ 3857. ಮೊಬೈಲಿನಲ್ಲಿ ಬೆರಳಿನಿಂದ ಸರಿಸಿ ನೋಡುವ ನಕ್ಷೆಗಳು ಬಹುಪಾಲು ಇದರಲ್ಲೇ ಇರುತ್ತವೆ. ದಿಕ್ಕು, ಆಕಾರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಇದು ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ನೆಲವನ್ನು ಹಿಗ್ಗಿಸುತ್ತದೆ. ಬೆಂಗಳೂರಿನಲ್ಲಿ ವಿಸ್ತೀರ್ಣ ಶೇ. 6ರಷ್ಟು ಉಬ್ಬುತ್ತದೆ, ದೆಹಲಿಯಲ್ಲಿ ಸುಮಾರು ಶೇ. 30ರಷ್ಟು. ಅಳತೆಪಟ್ಟಿ ಈ ಉಬ್ಬನ್ನು ಕಳೆದು, ಭೂಮಿಯ ನಿಜವಾದ ಗುಂಡುಮೈ ಮೇಲೆ ಅಳೆಯುತ್ತದೆ. ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಎರಡು ದಾರಿಗಳಿವೆ. ಡಾಲರ್ ಚಿಹ್ನೆ ಹಾಕಿ 'ಏರಿಯಾ' ಎಂದು ಬರೆದರೆ ಅದೂ ಅಳತೆಪಟ್ಟಿಯ ಹಾಗೆ ಗುಂಡುಮೈಯನ್ನು ಗಣಿಸುತ್ತದೆ. ಚಿಹ್ನೆಯಿಲ್ಲದೆ 'ಏರಿಯಾ' ಎಂದು ಬರೆದು ಆವರಣದೊಳಗೆ 'ಜಿಯೋಮೆಟ್ರಿ' ಕೊಟ್ಟರೆ ಪದರದಲ್ಲಿರುವ ಚಪ್ಪಟೆ ಸಂಖ್ಯೆಗಳನ್ನೇ ಗುಣಿಸಿ ಕೊಡುತ್ತದೆ. ನೀವು ಎರಡನೆಯದನ್ನು ಬಳಸಿದ್ದೀರಿ, ಪತ್ರದಲ್ಲಿ ಹೇಳದಿದ್ದರೂ 2,540 ಎಂಬ ಸಂಖ್ಯೆಯೇ ಹೇಳುತ್ತಿದೆ. ಪದರವನ್ನು 32643ಕ್ಕೆ ರೀಪ್ರೊಜೆಕ್ಟ್ ಮಾಡಿ ಅದೇ ಲೆಕ್ಕ ಹಾಕಿದರೆ ವ್ಯತ್ಯಾಸ ಎರಡು ಮೂರು ಚದರಡಿಗೆ ಇಳಿಯುತ್ತದೆ. ನೀವು ಗೆರೆ ಎಳೆಯುವಾಗ ಮೌಸ್ ಅಲುಗಿದ್ದರೆ ಅದಕ್ಕಿಂತ ಹೆಚ್ಚು ತಪ್ಪಿರುತ್ತದೆ.

ಪ್ರಶ್ನೆ: ಮೇಡಂ, ಕ್ಯೂಜಿಐಎಸ್ ಬಳಸುವ ವಿದೇಶಿಯರ ಬಳಗದಲ್ಲಿ ಒಂದು ಪ್ರಶ್ನೆ ಕೇಳಿದೆ: "ಸರ್, ನನ್ನ ಬಫರ್ ಕೆಲಸ ಮಾಡುತ್ತಿಲ್ಲ. ನಾಳೆ ಪ್ರಬಂಧ ಸಲ್ಲಿಸಬೇಕು. ತುಂಬಾ ತುರ್ತು, ದಯವಿಟ್ಟು ಸಹಾಯ ಮಾಡಿ." (ಬಫರ್ ಎಂದರೆ ನಕ್ಷೆಯ ಬಿಂದುಗಳ ಸುತ್ತ ಕೊಟ್ಟ ದೂರಕ್ಕೆ ವೃತ್ತ ಎಳೆಯುವ ಸಾಧನ.) ಇಡೀ ದಿನ ಉತ್ತರವಿಲ್ಲ. ಕೊನೆಗೆ ಒಬ್ಬರು "ಮಾದರಿ ದತ್ತಾಂಶ ಕೊಡಿ, ಪದರದ ಸಿಆರ್‌ಎಸ್ ಯಾವುದು?" ಎಂದು ಒಂದೇ ಸಾಲು ಬರೆದರು. ಇಷ್ಟು ವಿನಯದಿಂದ ಕೇಳಿದರೂ ಈ ದರ್ಪವೇ?
– ಸ್ನಾತಕೋತ್ತರ ವಿದ್ಯಾರ್ಥಿನಿ, ಜ್ಞಾನಭಾರತಿ

ಉತ್ತರ: ಆ ಒಂದು ಸಾಲು ಬರೆದವರೇ ನಿಮ್ಮ ಪಾಲಿನ ಆಪದ್ಬಾಂಧವರು, ತಾಯಿ. ಅವರನ್ನು ಬಿಟ್ಟು ಉಳಿದವರೆಲ್ಲ ಓದಿ ಮುಂದೆ ಹೋದರು. ಇವರೊಬ್ಬರು ನಿಂತು ಕೇಳಿದರು.

ಉತ್ತರಿಸುವವರು ಯಾರು ಎಂದು ಒಮ್ಮೆ ಯೋಚಿಸಿ. ಕ್ಯೂಜಿಐಎಸ್‌ನ ಹಿಂದಿರುವುದು ಸ್ವಿಟ್ಜರ್ಲೆಂಡಿನಲ್ಲಿ ನೋಂದಣಿಯಾದ ಒಂದು ಸಂಘ. ಅದು ನಡೆಯುವುದು ದೇಣಿಗೆಗಳಿಂದ, ಸದಸ್ಯ ಸಂಸ್ಥೆಗಳು ಕೊಡುವ ಹಣದಿಂದ. ನಿಮ್ಮ ಬಫರ್ ನೋಡಲೆಂದು ಸಂಬಳಕ್ಕೆ ಕೂತವರು ಅಲ್ಲಿಲ್ಲ. ಯಾವುದೋ ನಗರಪಾಲಿಕೆಯಲ್ಲೋ ಅರಣ್ಯ ಇಲಾಖೆಯಲ್ಲೋ ಕೆಲಸ ಮಾಡುವವರು ಊಟದ ಬಿಡುವಿನಲ್ಲಿ ಉತ್ತರ ಬರೆಯುತ್ತಾರೆ. ಅವರಿಗೆ ವಿನಯ ಬೇಡವೆಂದಲ್ಲ, ಆದರೆ ಅದರಿಂದ ಬಫರ್ ರಿಪೇರಿ ಆಗುವುದಿಲ್ಲ. ನಾಳೆಯ ಗಡುವು ನಿಮ್ಮದು, ಅದನ್ನು ಅವರ ತಲೆಯ ಮೇಲೆ ಹೊರಿಸಿದ ತಕ್ಷಣ ಅರ್ಧ ಜನ ಜಾರಿಕೊಳ್ಳುತ್ತಾರೆ. ನಾನೂ ಹಾಗೆಯೇ, 'ತುರ್ತು' ಎಂದು ಕೆಂಪು ಶಾಯಿಯಲ್ಲಿ ಬರೆದ ಪತ್ರಗಳನ್ನು ಕಟ್ಟಿನ ತಳಕ್ಕೆ ಹಾಕುತ್ತೇನೆ.

ನಿಮ್ಮ ಪ್ರಶ್ನೆಯನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ಕ್ಯೂಜಿಐಎಸ್ 3.40, ವಿಂಡೋಸ್ 11. ಬೆಂಗಳೂರು ಮೆಟ್ರೊ ನಿಲ್ದಾಣಗಳ ಬಿಂದುಪದರವಿದೆ, ಅದರ ಸಿಆರ್‌ಎಸ್ 4326. ಪ್ರತಿ ನಿಲ್ದಾಣದ ಸುತ್ತ 500 ಮೀಟರ್ ವೃತ್ತ ಬೇಕು. ಬಫರ್ ಸಾಧನದಲ್ಲಿ 500 ಎಂದು ಕೊಟ್ಟೆ. ಸಣ್ಣ ವೃತ್ತಗಳು ಬರುವ ಬದಲು ಇಡೀ ಪರದೆ ಒಂದೇ ಬಣ್ಣಕ್ಕೆ ತಿರುಗಿತು. ದೋಷದ ಸಂದೇಶ ಏನೂ ಬರಲಿಲ್ಲ. ಐದು ನಿಲ್ದಾಣಗಳ ಮಾದರಿ ಫೈಲು ಲಗತ್ತಿಸಿದ್ದೇನೆ." ನಿಲ್ದಾಣ ಎಂಬುದು ನನ್ನ ಊಹೆ, ನಿಮ್ಮದು ಬಾವಿಯೋ ಶಾಲೆಯೋ ಇರಬಹುದು.

ಹೀಗೆ ಬರೆಯಲು ಕೂತರೆ 4326 ಎಂದು ಖಾತ್ರಿ ಮಾಡಿಕೊಳ್ಳಲು ಬಫರ್ ಪೆಟ್ಟಿಗೆಯನ್ನು ಮತ್ತೆ ತೆರೆಯಬೇಕಾಗುತ್ತದೆ. ಆಗ 500ರ ಪಕ್ಕದಲ್ಲಿ 'ಡಿಗ್ರಿ' ಎಂಬ ಮಾತೂ, ಎಚ್ಚರಿಕೆಯ ಸಣ್ಣ ತ್ರಿಕೋನವೂ ಕಣ್ಣಿಗೆ ಬೀಳುತ್ತವೆ. 4326ರಲ್ಲಿ ಅಳತೆಯೆಲ್ಲ ಡಿಗ್ರಿಯಲ್ಲೇ. ಭೂಮಿಯನ್ನು ಪೂರ್ತಿ ಸುತ್ತಿದರೆ 360 ಡಿಗ್ರಿ. ನೀವು ಕೇಳಿದ್ದು 500. ಪದರವನ್ನು 32643ಕ್ಕೆ ರೀಪ್ರೊಜೆಕ್ಟ್ ಮಾಡಿ, ಪಕ್ಕದಲ್ಲಿ 'ಮೀಟರ್' ಎಂದು ಬಂದಿದೆಯೇ ನೋಡಿ, ಮತ್ತೆ 500 ಕೊಡಿ. ಆ ಒಂದು ಸಾಲಿನವರು ಸಿಆರ್‌ಎಸ್ ಕೇಳಿದ್ದು ಇದಕ್ಕಾಗಿಯೇ. ಅವರಿಗೆ ರೋಗ ಗೊತ್ತಾಗಿತ್ತು, ಖಚಿತಪಡಿಸಿಕೊಳ್ಳುತ್ತಿದ್ದರು.

ಇನ್ನೆರಡು ವಿಷಯ. ಮಾದರಿ ಕೊಡುವಾಗ ಸಮೀಕ್ಷೆಯ ಜನರ ಹೆಸರು, ಫೋನ್ ಸಂಖ್ಯೆ ಇರುವ ಕಾಲಂಗಳನ್ನು ಅಳಿಸಿ ಕೊಡಿ. ಇದನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೇಳಿಕೊಡದಿರುವುದು ನನಗೆ ಅರ್ಥವಾಗದ ಸಂಗತಿ. ಮತ್ತು ಕೆಲಸವಾದ ಮೇಲೆ "ಸರಿಹೋಯಿತು, ಧನ್ಯವಾದ" ಎಂದು ಮಾಯವಾಗದೆ, ಹೇಗೆ ಸರಿಹೋಯಿತು ಎಂದು ಅದೇ ಜಾಗದಲ್ಲಿ ಬರೆಯಿರಿ. ಮುಂದಿನ ವರ್ಷ ಇನ್ಯಾರೋ ಅದೇ 500 ಡಿಗ್ರಿ ಹಿಡಿದುಕೊಂಡು ಬರುತ್ತಾರೆ.

ಪ್ರಶ್ನೆ: ಕೆರೆ ಸಮಿತಿಯ ಸಮೀಕ್ಷೆಯಲ್ಲಿ ಕಾಲಂಗಳ ಶೀರ್ಷಿಕೆಗಳನ್ನು ಕನ್ನಡದಲ್ಲೇ ಕೊಟ್ಟಿದ್ದೆವು. ಶೇಪ್‌ಫೈಲ್ ಎಂಬ ಬಗೆಯ ನಕ್ಷೆ ಫೈಲಾಗಿ ಉಳಿಸಿದರೆ ಹೆಸರುಗಳು ಮೊಟಕಾಗುತ್ತವೆ. ಒಳಗಿನ ಮಾಹಿತಿ ಕೆಲವು ಕಡೆ ವಿಚಿತ್ರ ಅಕ್ಷರಗಳಾಗಿ, ಕೆಲವು ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರುತ್ತಿದೆ. ತಂತ್ರಾಂಶಕ್ಕೆ ಕನ್ನಡ ಬರುವುದಿಲ್ಲವೇ?
– ಕೆರೆ ಸಮಿತಿ ಸದಸ್ಯರು, ಯಲಹಂಕ

ಉತ್ತರ: ತಂತ್ರಾಂಶಕ್ಕೆ ಬರುತ್ತದೆ, ಶೇಪ್‌ಫೈಲಿಗೆ ಜಾಗವಿಲ್ಲ. ಅದು 1990ರ ದಶಕದ ಏರ್ಪಾಡು. ಕಾಲಂ ಹೆಸರಿಗೆ 10 ಬೈಟ್ ಮಾತ್ರ ಕೊಡುತ್ತದೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್ ಕನ್ನಡವನ್ನು ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಉಳಿಸಿದಾಗ ವ್ಯಂಜನಕ್ಕೆ ಮೂರು, ಅದಕ್ಕೆ ಹಚ್ಚುವ ಸ್ವರಚಿಹ್ನೆಗೆ ಇನ್ನೂ ಮೂರು ಬೇಕು. 'ಕೆರೆ' ಎಂದು ಬರೆದರೆ 12 ಬೈಟ್. ಅಂದರೆ ನಿಮ್ಮ ಸಮಿತಿಗೆ ತೀರಾ ಬೇಕಾದ ಪದವೇ ಅಲ್ಲಿ ಹಿಡಿಸುವುದಿಲ್ಲ! ಶೇಪ್‌ಫೈಲನ್ನು ಬಿಟ್ಟು ಜಿಯೋಪ್ಯಾಕೇಜ್ ಎಂಬ ಹೊಸ ಬಗೆಯ ಫೈಲಿಗೆ ಬನ್ನಿ. ಅದರಲ್ಲಿ ಈ ಮಿತಿಯಿಲ್ಲ, ನಾಲ್ಕಾರು ಫೈಲುಗಳ ಬದಲು ಒಂದೇ ಇರುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಯಾವುದೋ ಒಂದು ಕಳೆದುಹೋಗುವ ಗೋಳೂ ಇರುವುದಿಲ್ಲ.

ವಿಚಿತ್ರ ಅಕ್ಷರಗಳಿಗೆ ಪರಿಹಾರವಿದೆ. ಪದರದ ಗುಣಲಕ್ಷಣಗಳಲ್ಲಿ ಎನ್‌ಕೋಡಿಂಗ್ ಅನ್ನು ಯುಟಿಎಫ್-8 ಮಾಡಿ ನೋಡಿ. ಆಗಲೂ ಸರಿಹೋಗದಿದ್ದರೆ ಅದು ಬಹುಶಃ 'ನುಡಿ' ಅಥವಾ 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದು, ಯೂನಿಕೋಡ್ ಅಲ್ಲ. ಪರಿವರ್ತಕದ ಮೂಲಕ ದಾಟಿಸಬೇಕು. ಪ್ರಶ್ನಾರ್ಥಕ ಚಿಹ್ನೆಗಳಾಗಿರುವ ಕಡೆ ಮಾತ್ರ ಆಸೆ ಬಿಡಿ. ಯುಟಿಎಫ್-8 ಆರಿಸದೆ ಉಳಿಸಿದಾಗ ಅಕ್ಷರಗಳು ಅಳಿಸಿಹೋಗಿವೆ, ಅವು ಆ ಫೈಲಿನಲ್ಲಿ ಇಲ್ಲವೇ ಇಲ್ಲ. ಮೂಲ ಹಾಳೆಗಳನ್ನು ಯಾರೂ ರದ್ದಿಗೆ ಹಾಕಿಲ್ಲ ಎಂದುಕೊಂಡಿದ್ದೇನೆ.

ಪ್ರಶ್ನೆ: ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ರಸ್ತೆಗೆ ಅದರ ಹೊಸ ಹೆಸರನ್ನು ಹಾಕಿದೆ. ಯಾರೋ ಬಂದು ಹಳೆಯ '8ನೇ ಅಡ್ಡರಸ್ತೆ'ಗೆ ಬದಲಾಯಿಸಿದರು. ನಾನು ಮತ್ತೆ ತಿದ್ದಿದೆ. ಅವರೂ ಮತ್ತೆ ತಿದ್ದಿದರು. ದೂರು ಯಾರಿಗೆ ಕೊಡಬೇಕು?
– ಬಡಾವಣೆ ಸಂಘದ ಕಾರ್ಯದರ್ಶಿ, ರಾಜಾಜಿನಗರ

ಉತ್ತರ: ದೂರಿಗೆ ಮೊದಲು ಮಾತು. ಪ್ರತಿ ತಿದ್ದುಪಡಿಗೂ ಒಂದು ಬದಲಾವಣೆ ಪುಟವಿರುತ್ತದೆ, ಅದರ ಕೆಳಗೆ ಅವರಿಗೆ ಬರೆಯಬಹುದು. ಬರೆದಿದ್ದೀರಾ? ಪತ್ರದಲ್ಲಿ ಅದರ ಸುದ್ದಿಯಿಲ್ಲ. ಅಲ್ಲಿನ ಕಟ್ಟಳೆ ಸರಳ, ನೆಲದ ಮೇಲೆ ಏನಿದೆಯೋ ಅದು ನಕ್ಷೆಯಲ್ಲಿ. ರಸ್ತೆಯ ತುದಿಯಲ್ಲಿರುವ ಪಾಲಿಕೆಯ ಫಲಕದಲ್ಲಿ ಯಾವ ಹೆಸರಿದೆ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ, ತಿದ್ದುಪಡಿಯ ಟಿಪ್ಪಣಿಯಲ್ಲಿ "ಫಲಕ ನೋಡಿ ಬರೆದದ್ದು" ಎಂದು ಹಾಕಿ. ಇನ್ನೊಂದು ಹೆಸರನ್ನು ಕೊಲ್ಲಬೇಕಾಗಿಲ್ಲ. ಹಳೆಯ ಹೆಸರಿಗೆ, ಪರ್ಯಾಯ ಹೆಸರಿಗೆ, ಕನ್ನಡದ ಹೆಸರಿಗೆ ಬೇರೆ ಬೇರೆ ಮನೆಗಳಿವೆ. ಕೊರಿಯರ್ ಹುಡುಗರು 8ನೇ ಅಡ್ಡರಸ್ತೆ ಎಂದೇ ಹುಡುಕುತ್ತಾರೆ, ಅವರಿಗೂ ದಾರಿ ಸಿಗಲಿ. ಗೂಗಲ್ ನಕ್ಷೆಯಲ್ಲಿ ಹೀಗಿದೆ ಎಂಬ ವಾದವನ್ನು ಮಾತ್ರ ಹೂಡಬೇಡಿ. ಅಲ್ಲಿಂದ ನಕಲು ಮಾಡುವುದು ನಿಷಿದ್ಧ, ನಿಮ್ಮ ಉಳಿದ ತಿದ್ದುಪಡಿಗಳ ಮೇಲೂ ಅನುಮಾನ ಬರುತ್ತದೆ. ಯಾವ ಮಾತಿಗೂ ಬಗ್ಗದವರಾದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಪ್ರತಿಷ್ಠಾನದ ದತ್ತಾಂಶ ಕಾರ್ಯಪಡೆ ಇದೆ. ಒಂದು ಅಡ್ಡರಸ್ತೆಗಾಗಿ ಅವರವರೆಗೆ ಹೋಗುವ ಹಟ ನಿಮಗಿದೆ ಎಂದು ಪತ್ರದಿಂದ ತಿಳಿಯಿತು.

ಪ್ರಶ್ನೆ: 2011ರ ಜನಗಣತಿಯ ವಾರ್ಡುವಾರು ಪಟ್ಟಿಯನ್ನು ವಾರ್ಡು ನಕ್ಷೆಗೆ ಜೋಡಿಸಿದರೆ ಜನಸಂಖ್ಯೆಗಳು ಅದಲುಬದಲಾಗುತ್ತಿವೆ. ನಕ್ಷೆಯಲ್ಲಿ 243 ವಾರ್ಡುಗಳಿವೆ.
– ಪತ್ರಿಕೋದ್ಯಮ ವಿದ್ಯಾರ್ಥಿ, ಜಯನಗರ

ಉತ್ತರ: ಆ ಗಣತಿ 198 ವಾರ್ಡುಗಳ ಕಾಲದ್ದು. ನಿಮ್ಮ ಕೈಯಲ್ಲಿರುವುದು 2022ರ 243ರ ನಕ್ಷೆ. 2023ರಲ್ಲಿ ಅದು 225 ಆಯಿತು, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಪ್ರತಿ ಸಲವೂ ಗಡಿಯ ಜೊತೆ ಕ್ರಮಸಂಖ್ಯೆಯೂ ಬದಲು. 198ರ ನಕ್ಷೆಯನ್ನೇ ಹುಡುಕಿ ಜೋಡಿಸಿ, ಶೀರ್ಷಿಕೆಯಲ್ಲಿ ಯಾವ ವರ್ಷದ ಗಡಿ ಎಂದು ಬರೆಯಿರಿ.

ಪ್ರಶ್ನೆ: ತಾತನ ಕಾಲದ ಗ್ರಾಮನಕ್ಷೆಯನ್ನು ಸ್ಕ್ಯಾನ್ ಮಾಡಿ, ಅದನ್ನು ನಿಜವಾದ ಜಾಗಕ್ಕೆ ಹೊಂದಿಸುವ ಜಿಯೋರೆಫರೆನ್ಸರ್‌ನಲ್ಲಿ ಕೂರಿಸಿದೆ. ದೇವಸ್ಥಾನದ ಬೀದಿ ಕರಾರುವಾಕ್ಕಾಗಿ ಕೂತಿತು, ನಮ್ಮ ಹೊಲ ಮಾತ್ರ ರಬ್ಬರಿನಂತೆ ಎಳೆದುಕೊಂಡಿದೆ. ಹೊಂದಿಸಲು ಮೂರನೇ ದರ್ಜೆಯ ಪಾಲಿನೋಮಿಯಲ್ ಎಂಬ ಸೂತ್ರ ಬಳಸಿದೆ, ಹಳೆಯ ನಕ್ಷೆಯಲ್ಲೂ ಈಗಿನದರಲ್ಲೂ ಗುರುತಿಸಿದ್ದು ಒಟ್ಟು ಹತ್ತು ಬಿಂದುಗಳು. ಪಕ್ಕದ ಹೊಲದವರು ಒತ್ತುವರಿ ಮಾಡಿದ್ದಾರೆಯೇ ಎಂದು ಇದರಿಂದ ನೋಡಬೇಕು.
– ಖಾಸಗಿ ಕಂಪನಿ ಉದ್ಯೋಗಿ, ವಿದ್ಯಾರಣ್ಯಪುರ

ಉತ್ತರ: ಮೂರನೇ ದರ್ಜೆಗೆ ಕನಿಷ್ಠ ಬೇಕಾದದ್ದೇ ಹತ್ತು ಬಿಂದು. ಅಷ್ಟೇ ಕೊಟ್ಟರೆ ಅದು ಹತ್ತರ ಮೇಲೂ ಕರಾರುವಾಕ್ಕಾಗಿ ಹಾದು, ದೋಷ ಸೊನ್ನೆ ಎಂದು ತೋರಿಸಿ ನಿಮ್ಮನ್ನು ಮೆಚ್ಚಿಸುತ್ತದೆ. ಬಿಂದುಗಳಿಲ್ಲದ ಕಡೆ ಮನಬಂದಂತೆ ಬಳುಕುತ್ತದೆ. ನೀವು ಬಿಂದುಗಳನ್ನೆಲ್ಲ ದೇವಸ್ಥಾನದ ಸುತ್ತಲೇ ಗುಂಪು ಹಾಕಿದ್ದೀರಿ ಎಂದು ಧೈರ್ಯವಾಗಿ ಹೇಳಬಲ್ಲೆ. ಊರಿನೊಳಗೆ ಗುರುತು ಹಿಡಿಯುವುದು ಸುಲಭ, ಎಲ್ಲರೂ ಅಲ್ಲೇ ನಿಲ್ಲುತ್ತಾರೆ.

ಒಂದನೇ ದರ್ಜೆಗೆ ಇಳಿಯಿರಿ. ಅದಕ್ಕೆ ಮೂರು ಬಿಂದು ಸಾಕಾದರೂ ಹತ್ತನ್ನೂ ಕೊಡಿ, ಆದರೆ ನಾಲ್ಕೂ ಮೂಲೆಗಳಿಗೆ ಹರಡಿ: ಕೆರೆ ಏರಿಯ ಎರಡು ತುದಿಗಳು, ಹಳೆಯ ಬಾವಿ, ಮೂರು ಊರುಗಳ ಗಡಿ ಕೂಡುವ ಕಲ್ಲು. ಈಗ ಪ್ರತಿ ಬಿಂದುವಿನ ಎದುರು ಎಷ್ಟು ತಪ್ಪಿದೆ ಎಂಬ ಸಂಖ್ಯೆ ಬರುತ್ತದೆ. ಒಂದೇ ಬಿಂದು ಉಳಿದವಕ್ಕಿಂತ ಬಹಳ ಹೆಚ್ಚು ತಪ್ಪಿದ್ದರೆ ಅದನ್ನು ತೆಗೆದುಹಾಕುವ ಮೊದಲು ಆ ಜಾಗಕ್ಕೆ ಹೋಗಿ ನೋಡಿ ಬನ್ನಿ, ಕಲ್ಲನ್ನು ಯಾರಾದರೂ ಕಿತ್ತು ನೆಟ್ಟಿರಬಹುದು. ನಾನು ನಕ್ಷೆ ಬರೆಯುವ ಕಚೇರಿಯಲ್ಲಿದ್ದಾಗ ಟ್ರೇಸಿಂಗ್ ಬಟ್ಟೆ ಮಳೆಗಾಲಕ್ಕೊಂದು ಅಳತೆ, ಬೇಸಿಗೆಗೊಂದು ಅಳತೆ ತೋರಿಸುತ್ತಿತ್ತು. ತಾತನ ಕಾಲದ ಕಾಗದ ಮಡಿಕೆಗಳಲ್ಲಿ ಎಷ್ಟು ಹಿಗ್ಗಿದೆಯೋ.

ಆದ್ದರಿಂದ ಒತ್ತುವರಿಯ ತೀರ್ಮಾನವನ್ನು ಈ ನಕ್ಷೆಯಿಂದ ಮಾಡಬೇಡಿ. ಸರ್ವೆ ನಂಬರಿನ ಗಡಿ ಸುಮಾರಾಗಿ ಎಲ್ಲಿ ಬರುತ್ತದೆ ಎಂದು ತಿಳಿಯಲು ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ 'ದಿಶಾಂಕ್' ಆ್ಯಪ್ ನೋಡಿ, ಅದೂ ಸುಮಾರೇ. ಪಕ್ಕದವರೊಂದಿಗೆ ಜಗಳಕ್ಕೆ ನಿಲ್ಲುವ ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿ. ಭೂಮಾಪಕರು ಬರುವ ದಿನದ ಬಗ್ಗೆ ಪಕ್ಕದವರಿಗೂ ನೋಟಿಸು ಹೋಗುತ್ತದೆ, ಅಳತೆ ಇಬ್ಬರ ಎದುರಿಗೇ ನಡೆಯುತ್ತದೆ. ನಿಮ್ಮ ನಕ್ಷೆಯ ಪ್ರತಿಯನ್ನು ಒಯ್ದಿರಿ, ಮೂರು ಊರಿನ ಕಲ್ಲು ಯಾವ ಬೇಲಿಯ ಸಂದಿಯಲ್ಲಿದೆ ಎಂದು ತೋರಿಸಲು ಉಪಯೋಗಕ್ಕೆ ಬರುತ್ತದೆ.